ಗಾಣದ ಕಲ್ಲು, ಹರಳೆಣ್ಣೆ ಮತ್ತು ನೀರಿನ ಲೆಕ್ಕ

ಪ್ರಶ್ನೆ: ನಮ್ಮೂರ ಹಳೇ ದೇವಸ್ಥಾನದ ಹಿಂದೆ ಒಂದು ಗಾಣದ ಕಲ್ಲು ಅರ್ಧ ಹೂತುಹೋಗಿ ಬಿದ್ದಿದೆ. ಮಿಲ್ಲುಗಳಿಲ್ಲದ ಕಾಲದಲ್ಲಿ ಇಂಥದ್ದರಲ್ಲಿ ಎಣ್ಣೆ ತೆಗೆಯುತ್ತಿದ್ದುದು ಹೇಗೆ? ಗಾಣವೂ ಇಲ್ಲದಾಗ ಏನು ಮಾಡುತ್ತಿದ್ದರು? ಯಾವ ಎಣ್ಣೆ ಯಾವುದಕ್ಕೆ ಬಳಕೆಯಾಗುತ್ತಿತ್ತು? ಇನ್ನೊಂದು ವಿಷಯ. ಅಜ್ಜಿ ಹೇಳಿದ ಹಾಗೆ 1 ಕೆ.ಜಿ. ಹರಳು ಬೀಜ ಕುಟ್ಟಿ ಕುದಿಸಿದೆವು. ಎಣ್ಣೆ ಸರಿಯಾಗಿ ತೇಲಲೇ ಇಲ್ಲ, ಬೆಳ್ಳಗೆ ನೊರೆಯಂಥದ್ದು ಬಂತು. ಸಿಕ್ಕಿದ ಅಷ್ಟಿಷ್ಟನ್ನು ದೀಪಕ್ಕೆ ಹಾಕಿದರೆ ಚಟಪಟ ಸಿಡಿಯುತ್ತದೆ. ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಏಕೆಂದರೆ ಉಳಿದವಕ್ಕೂ ಉತ್ತರ ಅದರಲ್ಲೇ ಇದೆ. ನಿಮಗೆ ತೊಂದರೆ ಕೊಟ್ಟದ್ದು ನೀರು. ಒಮ್ಮೆ ಕುದಿಸುವಾಗ, ಇನ್ನೊಮ್ಮೆ ಉರಿಸುವಾಗ. ಎಣ್ಣೆ ತೆಗೆಯುವುದೆಂದರೆ ಕಾಳನ್ನು ಹಿಂಡುವುದು ಎಂದು ನಾವು ಅಂದುಕೊಳ್ಳುತ್ತೇವೆ. ಹಿಂಡುವುದು ಅರ್ಧ ಕೆಲಸ ಮಾತ್ರ. ಎಷ್ಟು ನೀರು, ಯಾವ ಹೊತ್ತಿಗೆ ಹಾಕಬೇಕು, ಆಮೇಲೆ ಅದೇ ನೀರನ್ನು ಹೇಗೆ ಹೊರಗೆ ಕಳಿಸಬೇಕು ಎನ್ನುವುದು ಮಿಕ್ಕರ್ಧ. ಹಳಬರು ಪಳಗಿದ್ದು ಈ ಎರಡನೆಯ ಅರ್ಧದಲ್ಲಿ.

ಕಾಳಿನೊಳಗೆ ಎಣ್ಣೆ ಒಂದೇ ಕಡೆ ತುಂಬಿಕೊಂಡಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಸಸಾರಜನಕ (ಪ್ರೋಟೀನು), ನಾರು, ಸಕ್ಕರೆಯ ಅಂಶಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಕುಟ್ಟಿದರೆ ಗೋಡೆ ಒಡೆಯುತ್ತದೆ, ಆದರೆ ಹನಿ ಹಿಟ್ಟಿಗೆ ಅಂಟಿಕೊಂಡೇ ಇರುತ್ತದೆ. ಇಲ್ಲಿ ಒಂದು ಹಿಡಿ ನೀರು ಚಿಮುಕಿಸಿದರೆ ಹಿಟ್ಟು ನೀರನ್ನು ಹೀರಿ ಉಬ್ಬುತ್ತದೆ, ಒಂದಕ್ಕೊಂದು ಅಂಟುತ್ತದೆ, ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಹಿಟ್ಟು ನೀರನ್ನು ಒಳಗೆ ಕರೆದುಕೊಂಡು ಎಣ್ಣೆಗೆ ಬಾಗಿಲು ತೋರಿಸುತ್ತದೆ ಅನ್ನಿ. ಒರಳಿರಲಿ, ಗಾಣವಿರಲಿ, ಕುದಿಯುವ ಮಡಕೆಯಿರಲಿ, ನಡೆಯುವುದು ಇದೇ.

ಈಗ ಗಾಣಕ್ಕಿಂತ ಹಿಂದಿನ ಕಾಲಕ್ಕೆ. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಿಕಾದ ಎಳ್ಳು ಸಿಕ್ಕಿದೆ. ಅಂದರೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ಉಪಖಂಡದಲ್ಲಿ ಎಳ್ಳಿತ್ತು. ಎಣ್ಣೆ ಎಂಬ ನಮ್ಮ ಮಾತಿನಲ್ಲೇ ಅದರ ಗುರುತಿದೆ: ಎಳ್ಳಿನ ನೆಯ್, ಎಳ್ಳಿನ ತುಪ್ಪ, ಅದೇ ಎಣ್ಣೆ. ಸಂಸ್ಕೃತದಲ್ಲೂ ಹಾಗೆಯೇ, ತಿಲದಿಂದ ಬಂದದ್ದು ತೈಲ. ಆದ್ದರಿಂದ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕೊನೆಗೆ ಸೀಮೆ ಎಣ್ಣೆ ಅನ್ನುವಾಗಲೂ ನಮ್ಮ ಬಾಯಲ್ಲಿ ಬರುವುದು ಎಳ್ಳಿನ ಹೆಸರೇ. ದಕ್ಷಿಣದಲ್ಲೂ ಉತ್ತರದಲ್ಲೂ ಮೊದಲ ಎಣ್ಣೆ ಯಾವುದೆಂದು ಕೇಳಿದರೆ ಈ ಎರಡು ಪದಗಳಿಗಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ತಿದ್ದಿಬಿಡುವುದು ಒಳ್ಳೆಯದು. "ಹಿಂದಿನವರು ಗಾಣದ ಕಡಲೆಕಾಯಿ ಎಣ್ಣೆ ತಿಂದು ಗಟ್ಟಿಯಾಗಿದ್ದರು" ಎಂಬ ಮಾತು ಚಾಲ್ತಿಯಲ್ಲಿದೆ. ಕಡಲೆಕಾಯಿ, ಅಂದರೆ ಶೇಂಗಾ, ದಕ್ಷಿಣ ಅಮೆರಿಕದ ಬೆಳೆ. ಯುರೋಪಿನವರು ಆ ಖಂಡಕ್ಕೆ ಹೋಗಿಬರಲು ಶುರು ಮಾಡಿದ ಮೇಲೆ, 1500ರ ನಂತರ, ಇತ್ತ ಬಂದದ್ದು. ಸೂರ್ಯಕಾಂತಿ ಉತ್ತರ ಅಮೆರಿಕದ್ದು. ಎಣ್ಣೆಗೆಂದು ನಮ್ಮ ಹೊಲಗಳಿಗೆ ಇಳಿದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ. ಹೊಯ್ಸಳರ ಕಾಲದ ಅಡುಗೆಮನೆಯಲ್ಲಿ ಇವೆರಡೂ ಇಲ್ಲ. ಅಲ್ಲಿದ್ದವು ಎಳ್ಳು, ಹರಳು, ಕುಸುಬೆ, ಸಾಸಿವೆ, ಅಗಸೆ, ಹಿಪ್ಪೆ, ಹೊಂಗೆ, ಬೇವು, ಕರಾವಳಿಯ ಕಡೆ ಕೊಬ್ಬರಿ. ತುಪ್ಪದ ಮಾತು ಬೇರೆ.

ಗಾಣವಿಲ್ಲದ ಮನೆಯಲ್ಲಿ ಎರಡು ದಾರಿ ಇದ್ದವು. ಒರಳಿನಲ್ಲಿ ಕುಟ್ಟಿ, ಬೆಚ್ಚಗೆ ಮಾಡಿ, ಬಟ್ಟೆಯಲ್ಲೋ ಚಾಪೆಯಂತೆ ಹೆಣೆದ ಚೀಲದಲ್ಲೋ ಹಾಕಿ ತಿರುಚಿ ಹಿಂಡುವುದು ಒಂದು. ಕುಟ್ಟಿದ್ದನ್ನು ನೀರಿನಲ್ಲಿ ಕುದಿಸಿ ತೇಲಿದ್ದನ್ನು ಸೌಟಿನಲ್ಲಿ ತೆಗೆಯುವುದು ಇನ್ನೊಂದು. ಇದು ನಮ್ಮೊಬ್ಬರದೇ ವಿದ್ಯೆಯಲ್ಲ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಈಜಿಪ್ಟಿನ ಜವುಗು ಪ್ರದೇಶದ ಜನ ಹರಳಿನಂಥ ಗಿಡದ ಬೀಜದಿಂದ 'ಕಿಕಿ' ಎಂಬ ಎಣ್ಣೆ ತೆಗೆಯುತ್ತಾರೆ ಎಂದು ಬರೆದಿದ್ದಾನೆ. ಕೆಲವರು ಜಜ್ಜಿ ಹಿಂಡುತ್ತಾರೆ, ಕೆಲವರು ಹುರಿದು ಕುದಿಸಿ ಮೇಲೆ ಬಂದದ್ದನ್ನು ಕೂಡಿಡುತ್ತಾರೆ, ದೀಪಕ್ಕೆ ಆಲಿವ್ ಎಣ್ಣೆಗಿಂತ ಏನೂ ಕಡಿಮೆಯಿಲ್ಲ, ಆದರೆ ವಾಸನೆ ಜೋರು. ನಿಮ್ಮ ಅಜ್ಜಿ ಹೇಳಿದ ಕ್ರಮಕ್ಕೂ ಇದಕ್ಕೂ ವ್ಯತ್ಯಾಸ ಹುಡುಕಿದರೂ ಸಿಗದು. ಅವನ 'ಹುರಿದು' ಎಂಬ ಮಾತನ್ನು ಮಾತ್ರ ಗಮನದಲ್ಲಿಡಿ, ಅದಕ್ಕೆ ಮತ್ತೆ ಬರುತ್ತೇನೆ. ಇನ್ನು ಐದು ಶತಮಾನ ಕಳೆದ ಮೇಲೆ ರೋಮಿನ ಲೇಖಕ ಪ್ಲಿನಿ, ತಮ್ಮ ಕಡೆ ಬೀಜವನ್ನು ನೀರಲ್ಲಿ ಬೇಯಿಸಿ ತೇಲಿದ ಎಣ್ಣೆ ತೆಗೆಯುತ್ತಾರೆ, ಈಜಿಪ್ಟಿನಲ್ಲಿ ಬೆಂಕಿಯೂ ನೀರೂ ಇಲ್ಲದೆ ಉಪ್ಪು ಚಿಮುಕಿಸಿ ಹಿಂಡುತ್ತಾರೆ, ಅದು ಊಟಕ್ಕೆ ಹೇಸಿಗೆ ಎನ್ನುತ್ತಾನೆ. ಈಜಿಪ್ಟಿನಲ್ಲಿ ಎಣ್ಣೆ ಎಷ್ಟು ಬೆಲೆಯದಾಗಿತ್ತೆಂದರೆ, ಕ್ರಿ.ಪೂ. 259ರಲ್ಲಿ ಅಲ್ಲಿನ ದೊರೆ ಎರಡನೆಯ ಟಾಲೆಮಿಯ ಸರ್ಕಾರ ಎಳ್ಳು, ಹರಳು, ಕುಸುಬೆ, ಅಗಸೆ ಎಣ್ಣೆಗಳನ್ನು ಪೂರಾ ತನ್ನ ಹಿಡಿತಕ್ಕೆ ತೆಗೆದುಕೊಂಡು, ಕೆಲಸವಿಲ್ಲದ ದಿನಗಳಲ್ಲಿ ಒರಳು, ಹಿಂಡುವ ಸಲಕರಣೆಗಳಿಗೆ ಮುದ್ರೆ ಹಾಕಿಸುತ್ತಿತ್ತು.

ಆಲಿವ್ ಎಣ್ಣೆಯ ಕಥೆಯೇ ಬೇರೆ, ಅದನ್ನು ನಮ್ಮದರೊಂದಿಗೆ ಬೆರೆಸಬಾರದು. ಆಲಿವ್ ಕಾಳಲ್ಲ, ಹಣ್ಣು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅಲ್ಲಿ ನೀರು ಸೇರಿಸುವ ಚಿಂತೆ ಇಲ್ಲ, ಬೇರ್ಪಡಿಸುವ ಚಿಂತೆ. ಹಿಂಡಿ ಬಂದದ್ದನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲಿನ ಎಣ್ಣೆ ಎತ್ತುತ್ತಿದ್ದರು. ಕೆಳಗೆ ಉಳಿದ ಕಹಿ ಕಪ್ಪು ನೀರನ್ನೂ ಬಿಡುತ್ತಿರಲಿಲ್ಲ. ಕ್ರಿ.ಪೂ. 2ನೇ ಶತಮಾನದ ರೋಮನ್ ಕೃಷಿಕ ಕೇಟೊ ಅದನ್ನು ಕಣ ಬಳಿಯಲು, ಗಾಡಿಯ ಅಚ್ಚಿಗೆ, ಚರ್ಮಕ್ಕೆ, ಬಟ್ಟೆ ಪೆಟ್ಟಿಗೆಗೆ ನುಸಿ ಹಿಡಿಯದಂತೆ ಬಳಿಯಲು ಹೇಳುತ್ತಾನೆ. ನಾವು ಕಣಕ್ಕೆ ಸಗಣಿ ಸಾರಿಸಿದಂತೆ.

ಇನ್ನು ನಿಮ್ಮ ಕಲ್ಲಿಗೆ ಬರೋಣ.

ಗಾಣವೆಂದರೆ ಒರಳು ಮತ್ತು ಒನಕೆಯೇ. ಕುಟ್ಟುವ ಬದಲು ತಿರುಗಿಸುತ್ತಾರೆ, ಅಷ್ಟೇ. ಕಲ್ಲಿನ ಒರಳನ್ನು ಅಲುಗಾಡದಂತೆ ನೆಲದಲ್ಲಿ ಹೂಳುತ್ತಾರೆ. ನಿಮ್ಮದು ಅರ್ಧ ಹೂತಿರುವುದು ಕಾಲ ಕಳೆದು ಮುಳುಗಿದ್ದಕ್ಕೇ ಇರಬೇಕೆಂದಿಲ್ಲ, ಅದು ಇರಬೇಕಾದ ರೀತಿಯೇ ಹಾಗೆ. ಒರಳಿನ ಗುಳಿಯಲ್ಲಿ ದಪ್ಪ ಮರದ ಒನಕೆ ಓರೆಯಾಗಿ ನಿಲ್ಲುತ್ತದೆ. ಒನಕೆಯ ಮೇಲ್ತುದಿಯನ್ನು ಒಂದು ಡೊಂಕು ಮರದ ಮೂಲಕ ಕೆಳಗಿನ ಅಡ್ಡಹಲಗೆಗೆ ಬಿಗಿಯುತ್ತಾರೆ. ಹಲಗೆಯ ಒಂದು ತುದಿ ಒರಳಿನ ಹೊರಮೈಗೆ ಉಜ್ಜುತ್ತಾ ಸುತ್ತುತ್ತದೆ, ಇನ್ನೊಂದು ತುದಿ ಎತ್ತಿನ ನೊಗಕ್ಕೆ. ಹಲಗೆಯ ಮೇಲೆ ಕಲ್ಲು ಹೇರುತ್ತಾರೆ, ಇಲ್ಲವೇ ಎತ್ತು ಹೊಡೆಯುವವನೇ ಕೂರುತ್ತಾನೆ. ಈ ಭಾರ ಡೊಂಕು ಮರದ ಮೂಲಕ ಒನಕೆಯನ್ನು ಗುಳಿಯ ಗೋಡೆಗೆ ಒತ್ತುತ್ತದೆ. ಎಣ್ಣೆ ಬರುವುದು ಒನಕೆ ಮತ್ತು ಗೋಡೆಯ ಸಂದಿನಲ್ಲಿ, ಗುಳಿಯ ತಳದಲ್ಲಲ್ಲ. ಆದ್ದರಿಂದ ಸವೆತವೂ ಅಲ್ಲಿಯೇ.

ಒಂದು ಸಲಕ್ಕೆ ಸುಮಾರು 10 ಕೆ.ಜಿ. ಎಳ್ಳು ಹಿಡಿಯುವ ಗಾಣ ಎಂದು ಇಟ್ಟುಕೊಳ್ಳಿ. ಮೊದಲು ಎಳ್ಳನ್ನು ಕೇರಿ, ಮರಳು ಹೋಗುವಂತೆ ಗಾಳಿಸಿ, ಬಿಸಿಲಿಗೆ ಹರಡಬೇಕು. ಹಲ್ಲಿಗೆ ಹಾಕಿ ಕಡಿದರೆ ಕಟ್ ಎಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಒಂದು ಬಿಸಿಲು ಬೇಕು. ಗುಳಿಗೆ ಹಾಕಿ ಎತ್ತು ಕಟ್ಟಿದ ಮೇಲೆ ಮೊದಲ ಹತ್ತು ಹದಿನೈದು ನಿಮಿಷ ನೀರು ಮುಟ್ಟಿಸುವುದಿಲ್ಲ, ಕಾಳು ಒಡೆದು ಪುಡಿಯಾಗಬೇಕು. ಪುಡಿ ಒನಕೆಗೆ ಮೆತ್ತಿಕೊಳ್ಳುವ ಹೊತ್ತಿಗೆ ನೀರು ಶುರು. ಒಟ್ಟು ಮುಕ್ಕಾಲರಿಂದ ಒಂದು ಲೀಟರು, ಆದರೆ ಒಂದೇ ಸಲಕ್ಕಲ್ಲ. ಕೈಯಲ್ಲಿ ಚಿಮುಕಿಸುತ್ತಾ ನಾಲ್ಕೈದು ಕಂತಿನಲ್ಲಿ. ತಮಿಳುನಾಡಿನ ಕಡೆ ಎಳ್ಳಿಗೆ ತಾಳೆಬೆಲ್ಲ ಹಾಕುವ ರೂಢಿಯಿದೆ. ರುಚಿಗೆ ಎನ್ನುವವರಿದ್ದಾರೆ, ಆದರೆ ಅದು ಮಾಡುವ ಕೆಲಸ ಅಂಟು ಹೆಚ್ಚಿಸಿ ಹಿಂಡಿ ಬೇಗ ಕಟ್ಟುವಂತೆ ಮಾಡುವುದು. ಹದ ಬಂದಾಗ ಹಿಟ್ಟು ಗುಳಿಯ ಗೋಡೆಗೆ ಪಟ್ಟಿಯಾಗಿ ಮೆತ್ತಿಕೊಂಡು ಮೇಲೆ ಮಿಂಚತೊಡಗುತ್ತದೆ, ಒನಕೆಯ ಬುಡದಲ್ಲಿ ಎಣ್ಣೆ ನಿಲ್ಲುತ್ತದೆ. ಗೋಡೆಗೆ ಮೆತ್ತಿದ್ದನ್ನು ಹಾರೆಯಂಥ ಸಲಾಕೆಯಿಂದ ಕೆದಕಿ ಒಳಗೆ ತಳ್ಳುತ್ತಾ ಇರಬೇಕು. ಒಟ್ಟು ಒಂದೂವರೆಯಿಂದ ಎರಡು ಗಂಟೆ. ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆ ಇರುತ್ತದೆ. ಒಳ್ಳೆಯ ಗಾಣದಲ್ಲಿ 10 ಕೆ.ಜಿ.ಗೆ 4 ಕೆ.ಜಿ. ಆಸುಪಾಸು ಸಿಗುತ್ತದೆ. ಉಳಿದದ್ದು ಹಿಂಡಿಯಲ್ಲಿ ಹೋಗುತ್ತದೆ. ಹೋಗುತ್ತದೆ ಅನ್ನುವುದಕ್ಕಿಂತ ಎತ್ತಿನ ಹೊಟ್ಟೆಗೆ ಸೇರುತ್ತದೆ ಅನ್ನಬೇಕು.

ಕೆಡುವುದು ಎರಡು ಬಗೆ. ನೀರು ಸಾಲದಿದ್ದರೆ ಹಿಟ್ಟು ತೌಡಿನಂತೆ ಉದುರುದುರಾಗಿ ಒನಕೆಯ ಮುಂದೆ ಜಾರುತ್ತದೆ, ಒನಕೆ ಬಿಸಿಯಾಗುತ್ತದೆ, ಎಣ್ಣೆ ಬಣ್ಣ ಕಂದುತ್ತದೆ. ಇದಕ್ಕೆ ಪರಿಹಾರ ಸುಲಭ, ಇನ್ನೊಂದು ಹಿಡಿ ನೀರು. ನೀರು ಹೆಚ್ಚಾದರೆ ಮಾತ್ರ ಕಷ್ಟ. ಹಿಂಡಿ ಗಂಜಿಯಂತಾಗಿ ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ನೀರಿನ ಹನಿ ಎಣ್ಣೆಯಲ್ಲಿ, ಎಣ್ಣೆಯ ಹನಿ ನೀರಿನಲ್ಲಿ ಸಿಕ್ಕಿ ಬಿಡಿಸಿಕೊಳ್ಳಲಾರದು. ಒಣಗಿದ ಹಳೇ ಹಿಂಡಿಯ ಪುಡಿ ಹಾಕಿ ನೀರು ಹೀರಿಸಿ ಮತ್ತೆ ತಿರುಗಿಸುವುದೊಂದೇ ದಾರಿ. ಎಳ್ಳಿಗೆ ಹಾಕುವಷ್ಟು ನೀರನ್ನು ಕೊಬ್ಬರಿಗೆ ಹಾಕಿದರೆ ಇದೇ ಗತಿ. ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕೂ ಮೇಲೆ ಎಣ್ಣೆ, ಹಿಟ್ಟು ಕಡಿಮೆ, ನೀರು ಹೀರುವವರೇ ಇಲ್ಲ.

ತೆಗೆದ ಎಣ್ಣೆಯನ್ನು ಅಂದೇ ಬಳಸುವುದಿಲ್ಲ. ಅಗಲ ಬಾಯಿಯ ಪಾತ್ರೆಗೆ ಹಾಕಿ, ತೆಳುಬಟ್ಟೆ ಕಟ್ಟಿ, ಮೂರು ನಾಲ್ಕು ದಿನ ಬಿಸಿಲಿಗಿಡುತ್ತಾರೆ. ಬಿಸಿಗೆ ಎಣ್ಣೆ ತೆಳ್ಳಗಾಗಿ ಹಿಟ್ಟು, ನೀರು ಎರಡೂ ಗಸಿಯಾಗಿ ಇಳಿಯುತ್ತವೆ. ಗಸಿ ಕದಡದಂತೆ ಮೇಲಿನದನ್ನು ಬಗ್ಗಿಸಿಕೊಳ್ಳಬೇಕು. ಗಸಿ ಉಳಿದರೆ ಎಣ್ಣೆ ಬೇಗ ಕಮಟಾಗುತ್ತದೆ. ಎಳ್ಳೆಣ್ಣೆ ಬೇರೆ ಎಣ್ಣೆಗಳಿಗಿಂತ ತಡವಾಗಿ ಕೆಡುತ್ತದೆ, ಏಕೆಂದರೆ ಅದರಲ್ಲೇ ಸೆಸಾಮೋಲಿನ್ ಎಂಬ ಕಾಯುವ ಅಂಶವಿದೆ. ಉಪ್ಪಿನಕಾಯಿಯ ಮೇಲೆ ನಿಲ್ಲಿಸಲಿಕ್ಕೂ, ಔಷಧದ ತೈಲ ಕಾಯಿಸಲಿಕ್ಕೂ ಎಳ್ಳೆಣ್ಣೆಯೇ ಬೇಕು ಎಂದು ಹಳಬರು ಹಟ ಹಿಡಿದದ್ದಕ್ಕೆ ಕಾರಣ ಇದ್ದೇ ಇದೆ.

ಆ ಕಾಲದ ಇಳುವರಿ ಎಷ್ಟಿತ್ತು ಎನ್ನುವುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಪಟ್ಟಿಯೇ ಇದೆ. (ಕಳೆದೇಹೋಗಿತ್ತು ಎಂದುಕೊಂಡಿದ್ದ ಈ ಗ್ರಂಥದ ಓಲೆಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು.) ಕೋಷ್ಠಾಗಾರದ, ಅಂದರೆ ಸರ್ಕಾರಿ ಉಗ್ರಾಣದ, ಅಧಿಕಾರಿಗೆ ಅದು ಹೇಳುವುದು: ಅಗಸೆಯಿಂದ ಆರನೇ ಒಂದು ಪಾಲು ಎಣ್ಣೆ ಬರಬೇಕು, ಬೇವು ಮುಂತಾದವುಗಳಿಂದ ಐದನೇ ಒಂದು, ಎಳ್ಳು, ಕುಸುಬೆ, ಹಿಪ್ಪೆಗಳಿಂದ ನಾಲ್ಕನೇ ಒಂದು. ಎಳ್ಳಿಗೆ ನಾಲ್ಕನೇ ಒಂದು ಪಾಲು ಎಂದರೆ ನೂರಕ್ಕೆ 25, ಬಹಳ ಕಡಿಮೆಯಾಯಿತು, ಆಗಿನ ಗಾಣ ಕಚ್ಚಾ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಉಗ್ರಾಣದಲ್ಲಿ ಕಾಳನ್ನು ಅಳೆಯುತ್ತಿದ್ದದ್ದು ದ್ರೋಣ, ಆಢಕ, ಪ್ರಸ್ಥಗಳಲ್ಲಿ. ನಮ್ಮ ಸೇರು, ಪಾವಿನಂತೆ ಇವು ತುಂಬಿ ಅಳೆಯುವ ಅಳತೆಗಳು. ತುಂಬಿ ಅಳೆದ ಲೆಕ್ಕ ಹಾಕಿ ನೋಡಿ. 4 ಲೀಟರು ಎಳ್ಳು ಸುಮಾರು 2.4 ಕೆ.ಜಿ. ತೂಗುತ್ತದೆ. ಅದರಿಂದ ಬಂದ 1 ಲೀಟರು ಎಣ್ಣೆ 920 ಗ್ರಾಂ. ತೂಕದಲ್ಲಿ ಇದು ನೂರಕ್ಕೆ 38. ಎತ್ತಿನ ಗಾಣದಲ್ಲಿ ಇಂದು ಬರುವುದೂ ಹೆಚ್ಚುಕಡಿಮೆ ಅಷ್ಟೇ. ಅಗಸೆಯ ಪಾಲು ಇಳಿದದ್ದಕ್ಕೆ ಕಾರಣ ಅದರ ಸಿಪ್ಪೆಯ ಲೋಳೆ: ನೀರು ಬಿದ್ದರೆ ಸಾಕು, ಲೋಳೆ ಉಬ್ಬಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಉಳಿದ ಕಾಳಿಗೆ ಸಹಾಯ ಮಾಡುವ ನೀರು ಇಲ್ಲಿ ಶತ್ರು.

ನಮ್ಮ ನಾಡಿನ ಶಾಸನಗಳಲ್ಲಂತೂ ಎಣ್ಣೆ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಗಾಣ ನಡೆಸುವವರನ್ನು ತೆಲ್ಲಿಗರು ಎನ್ನುತ್ತಿದ್ದರು; 'ತೆಲ್ಲಿಗರೈವತ್ತೊಕ್ಕಲು' ಎಂಬ ಅವರ ಸಂಘಟನೆ ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಬರುತ್ತದೆ. ಎತ್ತುಗಾಣ, ಕೈಗಾಣ, ಮೆಟ್ಟುಗಾಣ ಎಂದು ಬೇರೆ ಬೇರೆ ಗಾಣಗಳ ಹೆಸರಿವೆ, ಗಾಣದೆರೆ ಎಂಬ ತೆರಿಗೆಯಿದೆ, ದೇವರ ನಂದಾದೀವಿಗೆಗೆ ಪ್ರತಿ ಗಾಣದಿಂದ ಇಂತಿಷ್ಟು ಸೊಲ್ಲಗೆ (ಆಗಿನ ಒಂದು ಸಣ್ಣ ಅಳತೆ) ಎಣ್ಣೆ ಎಂಬ ಕಟ್ಟಳೆಯಿದೆ. 12ನೇ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪ ಈ ಕಸುಬಿನವನೇ.

ನಂದಾದೀವಿಗೆ ಎಂದರೆ ಆರಲೇಬಾರದ ದೀಪ. ಒಂದು ಸಣ್ಣ ಬತ್ತಿ ಗಂಟೆಗೆ 5 ಮಿ.ಲೀ. ಎಣ್ಣೆ ಕುಡಿಯುತ್ತದೆ ಎಂದು ಹಿಡಿದರೆ ದಿನಕ್ಕೆ 120 ಮಿ.ಲೀ., ವರ್ಷಕ್ಕೆ 44 ಲೀಟರು, ತೂಕದಲ್ಲಿ 40 ಕೆ.ಜಿ. ಅಂದರೆ ಒಂದೇ ಒಂದು ದೀಪಕ್ಕೆ ಒಂದು ಕ್ವಿಂಟಾಲು ಎಳ್ಳು. ಗಾಣದ ಲೆಕ್ಕದಲ್ಲಿ ಇದು ಹತ್ತು ಸಲದ ಕೆಲಸ, ಮೂರು ನಾಲ್ಕು ದಿನದ್ದು; ಆದರೆ ಎಳ್ಳಿನ ಲೆಕ್ಕದಲ್ಲಿ ಒಬ್ಬ ಸಣ್ಣ ರೈತನಿಗೆ ದೊಡ್ಡ ಭಾರ. ಹಾಗಾಗಿಯೇ ದಾನ ಕೊಡುವವರು ಹೊಲ ಬಿಡುತ್ತಿದ್ದರು, ಇಲ್ಲವೇ ಊರಿನ ಗಾಣಗಳ ಮೇಲೆ ಸೊಲ್ಲಗೆ ಸೊಲ್ಲಗೆಯಾಗಿ ಹಂಚಿಬಿಡುತ್ತಿದ್ದರು. ನಿಮ್ಮ ದೇವಸ್ಥಾನದ ಹಿಂದೆಯೇ ಗಾಣದ ಕಲ್ಲು ಇರುವುದರಲ್ಲಿ ಆಶ್ಚರ್ಯವೇನಿಲ್ಲ.

ಯಾವ ಎಣ್ಣೆ ಯಾವುದಕ್ಕೆ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಬಹುಮಟ್ಟಿಗೆ ಎಣ್ಣೆಯ ಗುಣವೇ. ಹೊಂಗೆ, ಬೇವು ಕಹಿ. ಆದ್ದರಿಂದ ದೀಪಕ್ಕೆ, ಹುಣ್ಣಿಗೆ, ದನದ ಕಜ್ಜಿಗೆ. ಹೊಂಗೆಯ ಹಿಂಡಿ ಗೊಬ್ಬರಕ್ಕೇ ಹೊರತು ದನಕ್ಕಲ್ಲ. ಹಿಪ್ಪೆ ಎಣ್ಣೆ ಚಳಿಗಾಲದಲ್ಲಿ ತುಪ್ಪದಂತೆ ಗಟ್ಟಿಯಾಗುತ್ತದೆ. ದೀಪಕ್ಕೆ ಹಾಕಿದರೆ ಹೊತ್ತಿಸುವ ಮೊದಲು ಹಣತೆ ಬೆಚ್ಚಗೆ ಮಾಡಬೇಕು. ಅಗಸೆ, ಕುಸುಬೆ ಎಣ್ಣೆಗಳನ್ನು ತೆಳುವಾಗಿ ಬಳಿದರೆ ಗಾಳಿಗೆ ಒಣಗಿ ಪೊರೆ ಕಟ್ಟುತ್ತವೆ. ಮರಕ್ಕೆ, ಬಣ್ಣಕ್ಕೆ ಅವು ಒದಗುವುದು ಇದರಿಂದ, ದೀಪದ ಬತ್ತಿ ಕಟ್ಟಿಕೊಳ್ಳುವುದೂ ಇದರಿಂದಲೇ. ಆಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ 7ನೇ ಶತಮಾನದ ಚಿತ್ರಗಳಲ್ಲಿ ಇಂಥ ಒಣಗುವ ಎಣ್ಣೆ ಬೆರೆಸಿದ ಬಣ್ಣ ಪತ್ತೆಯಾಗಿದೆ. ಓಲೆಗರಿಯ ಮೇಲೆ ಕಂಟವೆಂಬ ಮೊನಚು ಕಡ್ಡಿಯಿಂದ ಕೊರೆದ ಅಕ್ಷರ ಬರಿಗಣ್ಣಿಗೆ ಕಾಣದು. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಉಜ್ಜಿ ಒರೆಸಿದರೆ ಗೀರಿನಲ್ಲಿ ಮಸಿ ಉಳಿದು ಓದಲು ಬರುತ್ತದೆ, ಗರಿಯೂ ಸೆಟೆಯದೆ ಬಾಗುತ್ತದೆ. ಮೈಗೆ, ತಲೆಗೆ ಎಳ್ಳು ಅಥವಾ ಹರಳು, ತೆಗೆಯಲು ಸೀಗೆಪುಡಿ. ಎಣ್ಣೆ ಸೀಗೆಕಾಯಿ ಸಂಬಂಧ ಎಂಬ ಮಾತು ಬಚ್ಚಲುಮನೆಯಿಂದಲೇ ಬಂದದ್ದು.

ಔಷಧದ ತೈಲಕ್ಕೆ ಆಯುರ್ವೇದ ಇಟ್ಟ ಅಳತೆ ಶಾರ್ಙ್ಗಧರ ಸಂಹಿತೆ ಎಂಬ ಹಳೆಯ ವೈದ್ಯಗ್ರಂಥದಲ್ಲಿದೆ: ಅರೆದ ಮೂಲಿಕೆ, ಅಂದರೆ ಕಲ್ಕ, 1 ಪಾಲು, ಎಣ್ಣೆ 4 ಪಾಲು, ಕಷಾಯ ಅಥವಾ ನೀರು 16 ಪಾಲು. ಎಣ್ಣೆ ಮಾತ್ರ ಉಳಿಯುವ ತನಕ ಸಣ್ಣ ಉರಿಯಲ್ಲಿ ಕಾಯಿಸಬೇಕು. ಮುಗಿದದ್ದು ಗೊತ್ತಾಗುವುದಕ್ಕೆ ಮೂರು ಗುರುತು. ಮೂಲಿಕೆಯ ಕಲ್ಕ ಬೆರಳಲ್ಲಿ ಉರುಳಿಸಿದರೆ ಬತ್ತಿಯಾಗಬೇಕು; ಅದನ್ನು ಬೆಂಕಿಗೆ ಹಾಕಿದರೆ ಸಿಡಿಯಬಾರದು; ಎಣ್ಣೆಯಾದರೆ ಕೊನೆಗೆ ನೊರೆ ಏಳುತ್ತದೆ, ತುಪ್ಪವಾದರೆ ನೊರೆ ಅಡಗುತ್ತದೆ. ಎರಡನೆಯ ಗುರುತನ್ನು ನೆನಪಿಡಿ, ನಿಮ್ಮ ದೀಪಕ್ಕೆ ಬೇಕಾದದ್ದು ಅದೇ.

ಹರಳೆಣ್ಣೆಯದು ಬೇರೆಯದೇ ದರ್ಜೆ. ಎಳ್ಳೆಣ್ಣೆಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ದೀಪಕ್ಕೆ ಹಾಕಿದರೆ ಬತ್ತಿ ಅದನ್ನು ನಿಧಾನವಾಗಿ ಏರಿಸುತ್ತದೆ, ಹಾಗಾಗಿ ಬತ್ತಿ ದಪ್ಪಗೆ, ಸಡಿಲವಾಗಿ ಹೊಸೆದಿರಬೇಕು, ಎಣ್ಣೆ ಹಣತೆಯ ಮೂತಿಯ ತನಕ ತುಂಬಿರಬೇಕು. ಅದರ ಮಂದಗುಣ ಪೂರಾ ಕೆಲಸಕ್ಕೆ ಬಂದದ್ದು ಎತ್ತಿನಗಾಡಿಯ ಅಚ್ಚಿಗೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದರೆ ಕೀಲೆಣ್ಣೆ. ಬಿದಿರಿನ ಗೊಟ್ಟದಲ್ಲಿ ತುಂಬಿ, ಒಂದು ಕಡ್ಡಿ ಇಟ್ಟು, ಗಾಡಿಯ ಅಡಿಗೆ ನೇತುಹಾಕುತ್ತಿದ್ದರು. ಕಡೆಗೀಲು ತೆಗೆದು, ಗಾಲಿ ಎಳೆದು, ಅಚ್ಚಿಗೆ ಬಳಿದು ಮತ್ತೆ ತಳ್ಳಿದರೆ ಗಾಡಿ ಕಿರುಗುಟ್ಟುವುದು ನಿಲ್ಲುತ್ತದೆ. ಎಳ್ಳೆಣ್ಣೆ ಹಾಕಿದ್ದರೆ ಒಂದು ಹರದಾರಿಯೊಳಗೆ ಹರಿದು ಧೂಳಿಗೆ ಸೇರುತ್ತಿತ್ತು.

ಈಗ ನಿಮ್ಮ 1 ಕೆ.ಜಿ. ಬೀಜ. ನೀವು ಬರೆದದ್ದರಲ್ಲಿ ಹುರಿದ ಮಾತೇ ಇಲ್ಲ. ಮೊದಲ ತಪ್ಪು ಅದೇ ಇರಬೇಕು. ಬೀಜವನ್ನು ಬಿಸಿಲಿಗೆ ಒಣಗಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಸಿಪ್ಪೆ ಬಿರಿದು ಒಳಗಿನ ತಿರುಳು ನಸುಗೆಂಪಾಗುವ ತನಕ ಹುರಿಯಬೇಕು. ಕಪ್ಪಾದರೆ ಎಣ್ಣೆ ಕನರು ಹೊಡೆಯುತ್ತದೆ. ಹುರಿದಾಗ ತಿರುಳಿನ ಸಸಾರಜನಕ ಗಟ್ಟಿಯಾಗುತ್ತದೆ. ಹಸಿಯಾಗಿ ಕುದಿಸಿದರೆ ಅದೇ ಸಸಾರಜನಕ ಎಣ್ಣೆಯ ಹನಿಗಳಿಗೆ ಸುತ್ತಿಕೊಂಡು ನೀವು ಕಂಡ ಬಿಳಿ ನೊರೆಯಾಗುತ್ತದೆ. ಜೊತೆಗೆ ಹರಳಿನಲ್ಲಿ ಎಣ್ಣೆಯನ್ನು ಒಡೆದು ಹುಳಿಸುವ ಕಿಣ್ವವಿದೆ. ಹಸಿ ಬೀಜವನ್ನು ಸಂಜೆ ಕುಟ್ಟಿಟ್ಟು ಬೆಳಿಗ್ಗೆ ಕುದಿಸಿದರೆ ರಾತ್ರಿಯಿಡೀ ಅದು ಕೆಲಸ ಮಾಡುತ್ತದೆ. ಹುರಿಯಬೇಕು, ಕುಟ್ಟಬೇಕು, ಕುಟ್ಟಿದ ಕೂಡಲೇ ಒಲೆಗೇರಿಸಬೇಕು.

ಕುಟ್ಟುವುದು ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ, ಕೈಗೆ ಜಿಡ್ಡು ಹತ್ತುವ ತನಕ. 1 ಕೆ.ಜಿ.ಗೆ 4 ಲೀಟರು ನೀರು ಕುದಿಯಲಿಟ್ಟು, ಕುದಿ ಬಂದ ಮೇಲೆ ಮುದ್ದೆಯನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಆಮೇಲೆ ಉರಿ ತಗ್ಗಿಸಿ. ನಿಮ್ಮ ಎರಡನೆಯ ತಪ್ಪು ಇಲ್ಲಿರಬಹುದು: ಕೊತಕೊತ ಕುದಿಸುತ್ತಾ ಸೌಟಿನಲ್ಲಿ ಕಡೆಯುತ್ತಿದ್ದರೆ ಅದು ಮಜ್ಜಿಗೆ ಕಡೆದ ಹಾಗೆ, ಎಣ್ಣೆ ಒಂದಾಗುವ ಬದಲು ಚೂರುಚೂರಾಗುತ್ತದೆ. ಹರಳೆಣ್ಣೆ ಲೀಟರಿಗೆ 960 ಗ್ರಾಂ ತೂಗುತ್ತದೆ, ಎಳ್ಳೆಣ್ಣೆ 920. ನೀರಿಗೆ ಅಷ್ಟು ಹತ್ತಿರದ ತೂಕ, ಮೇಲೆ ಮಂದ. ಮೆಲ್ಲಗೆ ಏರುತ್ತದೆ, ಅವಸರ ಸಲ್ಲದು. ತಳ ಹಿಡಿಯದಂತೆ ಆಗಾಗ ಮಾತ್ರ ತಿರುವಿ, ಎರಡು ಗಂಟೆ ಸಣ್ಣಗೆ ಕುದಿಯಲಿ. ನೀರು ಇಂಗಿದರೆ ಬಿಸಿನೀರನ್ನೇ ಸೇರಿಸಿ. ಬಿಳಿ ನೊರೆ ಬಿಡದೆ ಕಾಡಿದರೆ ಎರಡು ಹಿಡಿ ಕಲ್ಲುಪ್ಪು ಹಾಕಿ. ಉಪ್ಪು ನೀರಿನ ತೂಕ ಹೆಚ್ಚಿಸುತ್ತದೆ, ನೊರೆಯ ಹಿಡಿತವನ್ನೂ ಸಡಿಲಿಸುತ್ತದೆ. ಪಾತ್ರೆ ಇಳಿಸಿ, ಅಲುಗಿಸದೆ ಅರ್ಧ ಗಂಟೆ ಬಿಟ್ಟು, ಮೇಲಿನದನ್ನು ಅಗಲ ಸೌಟಿನಲ್ಲಿ ತೆಗೆಯಿರಿ. ಉಳಿದದ್ದಕ್ಕೆ ಇನ್ನೊಮ್ಮೆ ನೀರು ಹಾಕಿ ಕುದಿಸಿದರೆ ಇನ್ನಷ್ಟು ಸಿಗುತ್ತದೆ. ಬೀಜದಲ್ಲಿ ಅರ್ಧದಷ್ಟು ಎಣ್ಣೆ ಇದ್ದರೂ ಮನೆಯಲ್ಲಿ ಮೂರನೇ ಒಂದು ಪಾಲು, ಅಂದರೆ 300-350 ಗ್ರಾಂ ಸಿಕ್ಕಿದರೆ ಒಳ್ಳೆಯ ಕೆಲಸವಾಯಿತೆಂದೇ ಅರ್ಥ.

ಮೂರನೆಯ ತಪ್ಪಿನ ಬಗ್ಗೆ ಅನುಮಾನವೇ ಬೇಡ. ಸೌಟಿನಲ್ಲಿ ತೆಗೆದದ್ದು ಇನ್ನೂ ಎಣ್ಣೆಯಲ್ಲ, ಎಣ್ಣೆ ಮತ್ತು ನೀರು. ಅದನ್ನು ಬೇರೆ ಒಣ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಾಯಿಸಬೇಕು. ಮೊದಲು ಚಟಪಟ ಸದ್ದು, ಗುಳ್ಳೆ. ಸದ್ದು ಪೂರ್ತಿ ನಿಂತು ಗುಳ್ಳೆ ಅಡಗಿದಾಗ ಇಳಿಸಿ. ನೀವು ಈ ಹಂತ ಬಿಟ್ಟಿದ್ದೀರಿ, ಆದ್ದರಿಂದ ಉಳಿದ ನೀರು ಬತ್ತಿಯ ತುದಿಯಲ್ಲಿ ಆವಿಯಾಗಿ ಸಿಡಿಯುತ್ತಿದೆ. ಪರೀಕ್ಷೆ ಸುಲಭ: ಹತ್ತಿಯ ಬತ್ತಿಯೊಂದನ್ನು ಅದ್ದಿ ಹೊತ್ತಿಸಿ. ಸದ್ದಿಲ್ಲದೆ ಉರಿದರೆ ಆಯಿತು. ಈಗ ನಿಮ್ಮಲ್ಲಿರುವ ಎಣ್ಣೆಯನ್ನೂ ಹೀಗೇ ಸರಿಮಾಡಿಕೊಳ್ಳಬಹುದು, ಎಸೆಯಬೇಡಿ.

ಒಂದು ಎಚ್ಚರಿಕೆ. ಹರಳು ಬೀಜದಲ್ಲಿ ರಿಸಿನ್ ಎಂಬ ಕಡುವಿಷವಿದೆ. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ಚೆನ್ನಾಗಿ ಕುದಿಸಿದರೆ ಕೆಡುತ್ತದೆ, ಆದರೆ ಹಸಿ ಬೀಜದಲ್ಲಿ, ಕುಟ್ಟಿದ ಪುಡಿಯಲ್ಲಿ ಇರುತ್ತದೆ. ಅಡುಗೆಯ ಮಿಕ್ಸಿಯಲ್ಲಿ ಅರೆಯಬೇಡಿ, ಒರಳನ್ನು ಬೇರೆಯಾಗಿಡಿ, ಪುಡಿಯ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಉಳಿದ ಚರಟವನ್ನು ದನಕ್ಕೆ, ನಾಯಿಗೆ ಹಾಕಬೇಡಿ. ತೆಂಗಿನ ಬುಡಕ್ಕೆ ಹೂತರೆ ಒಳ್ಳೆಯ ಗೊಬ್ಬರ. ಮನೆಯಲ್ಲಿ ಹೀಗೆ ತೆಗೆದದ್ದು ದೀಪಕ್ಕೆ, ತಲೆಗೆ ಸರಿ. ಹೊಟ್ಟೆಗೆ ಬೇಡ.

ಕೊನೆಗೆ ಆ ಕಲ್ಲು. ಗುಳಿಯ ತಳದಲ್ಲಿ ಹೊರಗೆ ತೆರೆಯುವ ರಂಧ್ರವಿದೆಯೇ ನೋಡಿ. ರಂಧ್ರವಿದ್ದರೆ ಎಣ್ಣೆ ಅಲ್ಲಿಂದ ಕೆಳಗಿಟ್ಟ ಪಾತ್ರೆಗೆ ಹರಿಯುತ್ತಿತ್ತು. ಇಲ್ಲದಿದ್ದರೆ ಬಟ್ಟೆ ಅದ್ದಿ ಹಿಂಡಿಯೋ, ಚಿಪ್ಪಿನಲ್ಲಿ ಮೊಗೆದೋ ತೆಗೆಯುತ್ತಿದ್ದರು; ಎರಡು ಬಗೆಯವೂ ನಮ್ಮಲ್ಲಿವೆ. ಗುಳಿಯ ಒಳಗೋಡೆ ನುಣ್ಣಗೆ ಸವೆದು, ಹೊರಮೈಯ ಸುತ್ತ ಅಡ್ಡಹಲಗೆ ಉಜ್ಜಿದ ಪಟ್ಟಿ ಕಂಡರೆ ಎತ್ತಿನ ಗಾಣವೇ. ಕೆಲವು ಗಾಣದ ಕಲ್ಲುಗಳ ಮೇಲೆ ದಾನಿಯ ಹೆಸರು ಕೊರೆದಿರುತ್ತಾರೆ. ಅಕ್ಷರದಂಥದ್ದು ಕಂಡರೆ ತಂತಿಬ್ರಷ್, ಸುಣ್ಣ, ಆಸಿಡ್ ಯಾವುದನ್ನೂ ಮುಟ್ಟಿಸಬೇಡಿ, ಎಣ್ಣೆಯನ್ನೂ ಹಚ್ಚಬೇಡಿ. ಬರೀ ನೀರು, ಮೆತ್ತನೆಯ ತೆಂಗಿನ ನಾರು ಸಾಕು. ಬೆಳಗಿನ ಓರೆಬಿಸಿಲಿನಲ್ಲಿ ಪಕ್ಕದಿಂದ ನಾಲ್ಕು ಫೋಟೋ ತೆಗೆದು ರಾಜ್ಯ ಪುರಾತತ್ವ ಇಲಾಖೆಯ ಹತ್ತಿರದ ಕಚೇರಿಗೆ ತೋರಿಸಿ. ನಡುಮಧ್ಯಾಹ್ನದ ಬೆಳಕಿನಲ್ಲಿ ತೆಗೆದರೆ ಗೀರುಗಳ ನೆರಳೇ ಬೀಳದೆ ಕಲ್ಲು ಬೋಳಾಗಿ ಕಾಣುತ್ತದೆ.